ತಣ್ಣಗಿದ್ದಾಗ ಟಿಕ್ ಟಿಕ್, ಬಿಸಿಯಾದ್ಮೇಲೆ ಗಪ್‌ಚುಪ್

ಹೋದ ಚಳಿಗಾಲದಲ್ಲಿ ನನ್ನ ಹಳೇ ಪೆಟ್ರೋಲ್ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಬಾನೆಟ್ ಒಳಗಿಂದ ಹೊಲಿಗೆ ಮಿಷನ್ ಥರ ಟಿಕ್ ಟಿಕ್ ಅನ್ನೋದು, ಐದಾರು ನಿಮಿಷ ಓಡಿಸಿದ್ರೆ ತಾನಾಗೇ ನಿಂತೋಗೋದು. ಗ್ಯಾರೇಜ್ ತಲುಪೋಷ್ಟ್ರಲ್ಲಿ ಸದ್ದೇ ಇಲ್ಲ, ಡಾಕ್ಟರ್ ಮುಂದೆ ಕೂತಾಗ ಹಲ್ಲುನೋವು ಮಾಯ ಆಗತ್ತಲ್ಲ ಹಾಗೆ. ನನ್ನ ಮಾತು ಕೇಳಿ ಮೆಕ್ಯಾನಿಕ್ "ಟ್ಯಾಪೆಟ್ ಸಾರ್" ಅಂದ, ವಾಲ್ವ್ ಒತ್ತೋ ಆ ಭಾಗದ ಸೆಟ್ಟಿಂಗ್ ಮಾಡ್ದ, ದುಡ್ಡೂ ಇಸ್ಕೊಂಡ. ಮಾರನೇ ದಿನ ಮತ್ತೆ ಅದೇ ಟಿಕ್ ಟಿಕ್.

ಅಸಲಿ ಕಳ್ಳ ಎಕ್ಸಾಸ್ಟ್ ಲೀಕು: ಸಿಲಿಂಡರ್‌ಗಳ ಹೊಗೆ ಒಟ್ಟುಗೂಡಿಸೋ ಮ್ಯಾನಿಫೋಲ್ಡ್ ಇಂಜಿನ್‌ಗೆ ಕೂರೋ ಜಾಗದ ಗ್ಯಾಸ್ಕೆಟ್ ಸವೆದು ಹೊಗೆ ಸೋರ್ತಿತ್ತು. ಆದ್ರೂ ಪೂರ್ತಿ ಮೆಕ್ಯಾನಿಕ್ಕಿಂದೇ ತಪ್ಪು ಅನ್ನಕ್ಕಾಗಲ್ಲ. ಐಡಲಿಂಗ್‌ನಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗತ್ತೆ, ಫೋರ್ ಸ್ಟ್ರೋಕ್ ಆಗಿರೋದ್ರಿಂದ ಒಂದೊಂದು ಸಿಲಿಂಡರ್ ಹೊಗೆ ಉಗುಳೋದು ಎರಡು ಸುತ್ತಿಗೊಂದ್ಸಲ, ಅಂದ್ರೆ ನಿಮಿಷಕ್ಕೆ 400 ಸಲ. ವಾಲ್ವ್ ತೆರೆಸೋ ಕ್ಯಾಮ್‌ಶಾಫ್ಟ್ ತಿರುಗೋದೂ ಅರ್ಧ ಸ್ಪೀಡಲ್ಲೇ, ಹಾಗಾಗಿ ಒಂದು ಟ್ಯಾಪೆಟ್ ಬಡಿಯೋದೂ 400 ಸಲ. ಎರಡಕ್ಕೂ ಒಂದೇ ತಾಳ, ಕಿವಿಗೆ ಮೋಸ ಆಗದೆ ಇನ್ನೇನು. ವ್ಯತ್ಯಾಸ ಇರೋದು ಲೋಡ್‌ನಲ್ಲಿ: ಗಾಡಿ ಏರು ಹತ್ತುವಾಗ ಎಕ್ಸಾಸ್ಟ್ ಲೀಕಿನ ಸದ್ದು ಜೋರಾಗತ್ತೆ, ಟ್ಯಾಪೆಟ್‌ಗೆ ಏರು ಇಳಿಜಾರಿನ ಹಂಗಿಲ್ಲ. ಇನ್ನೊಂದು ಉಪಾಯ, ಒಂದೊಂದೇ ಸಿಲಿಂಡರಿಗೆ ಪೆಟ್ರೋಲ್ ಚಿಮುಕಿಸೋ ಇಂಜೆಕ್ಟರ್‌ನ ಕನೆಕ್ಟರ್ ಕಳಚಿ ಕೇಳೋದು. ಒಳಗೆ ಬೆಂಕಿನೇ ಹತ್ತದಿದ್ರೆ ಹೊಗೆಯ ಹೊಡೆತ ಇಳಿದು ಲೀಕಿನ ಟಿಕ್ ಸಣ್ಣ ಆಗತ್ತೆ, ಟ್ಯಾಪೆಟ್ ತನ್ನ ಪಾಡಿಗೆ ಬಡೀತಾನೇ ಇರತ್ತೆ. ನನ್ನ ಗಾಡೀಲಿ ಮೂರನೇದು ತೆಗೆದಾಗ ಸಿಕ್ಕಿಬಿತ್ತು. ಹೀಟ್ ಶೀಲ್ಡ್ ಬಿಚ್ಚಿ ಟಾರ್ಚ್ ಹಿಡಿದ್ರೆ ಆ ಸಿಲಿಂಡರಿನ ಹೊಗೆ ಹೊರಬರೋ ಪೋರ್ಟ್ ಹತ್ರ ಕಾಡಿಗೆ ತೀಡಿದ ಹಾಗೆ ಕರೀ ಗೆರೆ.

ಸರಿ, ಬಿಸಿಯಾದ್ರೆ ಯಾಕೆ ನಿಲ್ಲತ್ತೆ? ಮ್ಯಾನಿಫೋಲ್ಡ್ ಬೀಡು ಕಬ್ಬಿಣ, ಅದು ಕೂರೋ ಇಂಜಿನ್ನಿನ ಹೆಡ್ ಅಲ್ಯೂಮಿನಿಯಂ. 40 ಸೆಂಟಿಮೀಟರ್ ಉದ್ದದ ಬೀಡು 550 ಡಿಗ್ರಿ ಬಿಸಿ ಏರಿದ್ರೆ ಹೆಚ್ಚುಕಮ್ಮಿ 2.4 ಮಿಲಿಮೀಟರ್ ಉದ್ದ ಆಗತ್ತೆ. ಅಲ್ಯೂಮಿನಿಯಂ ಡಿಗ್ರಿಗೆ ಎರಡು ಪಟ್ಟು ಹಿಗ್ಗೋ ಲೋಹವೇ, ಆದ್ರೆ ಕೂಲೆಂಟ್ ಅದನ್ನ ತಣ್ಣಗಿಟ್ಟಿರೋದ್ರಿಂದ ಅದು ಹಿಗ್ಗೋದು 0.7 ಮಿಲಿಮೀಟರ್ ಆಸುಪಾಸು ಅಷ್ಟೆ. ಮಧ್ಯೆ ಸಿಕ್ಕಿಹಾಕ್ಕೊಂಡಿರೋ ಗ್ಯಾಸ್ಕೆಟ್, ನಮ್ಮ ಮೇಸ್ತ್ರಿಗಳು ಪ್ಯಾಕಿಂಗ್ ಅನ್ನೋದು, ಪ್ರತಿ ಸಲ ಗಾಡಿ ಬಿಸಿಯಾಗಿ ತಣ್ಣಗಾದಾಗ್ಲೂ ಎರಡೂ ಕಡೆಯಿಂದ ಉಜ್ಜಿಸಿಕೊಳ್ಳತ್ತೆ. ಗ್ರಾಫೈಟ್ ಆಗ್ಲಿ, ಸ್ಟೀಲ್ ಹಾಳೆಗಳ ಪದರ ಆಗ್ಲಿ, ವರ್ಷಗಟ್ಟಲೆ ಇದೇ ಆದ್ರೆ ಸವೆದೇ ಸವೆಯತ್ತೆ. ಸಂದು ಚಿಕ್ಕದಿರೋವರೆಗೂ ಹಿಗ್ಗಿದ ಲೋಹ ಅದನ್ನ ಮುಚ್ಚಿಬಿಡತ್ತೆ, ಅದಕ್ಕೇ ಆ ಗಪ್‌ಚುಪ್. ಜಾಸ್ತಿ ಎಳೆದಾಟ ಎರಡು ತುದಿಗಳಲ್ಲಿ, ಮ್ಯಾನಿಫೋಲ್ಡನ್ನ ಹಿಡಿದಿಡೋ ಸ್ಟಡ್ (ಬೋಲ್ಟಿನಂಥ ಕಂಬಿ) ಮುರಿಯೋದೂ ಬಹಳ ಸಲ ಅಲ್ಲೇ.

ಸದ್ದೊಂದೇ ಆಗಿದ್ರೆ ಸಹಿಸ್ಕೋಬಹುದಿತ್ತು. ಎರಡು ಹೊಡೆತಗಳ ನಡುವೆ ಒತ್ತಡ ಇಳಿದಾಗ ಅದೇ ಸಂದಿಂದ ಹೊರಗಿನ ಗಾಳಿ ಒಳಗೆ ನುಗ್ಗತ್ತೆ, ಮುಂದಿರೋ ಆಕ್ಸಿಜನ್ ಸೆನ್ಸರ್ ಅದನ್ನ ನೋಡಿ ಪೆಟ್ರೋಲ್ ಸಾಲ್ತಿಲ್ಲ ಅಂತ ಸುಳ್ಳು ವರದಿ ಕೊಡತ್ತೆ, ಇಂಜಿನ್ನಿನ ಕಂಪ್ಯೂಟರ್ ಇಸಿಯು ಪಾಪ ನಂಬಿ ಇನ್ನಷ್ಟು ಸುರಿಯತ್ತೆ, ಮೈಲೇಜ್ ಹೋಯ್ತು. ಇನ್ನೊಂದು ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ ವಾಸನೆ ಇಲ್ಲ, ಏಸಿಯ ಹೊರಗಾಳಿ ದಾರಿಯಲ್ಲಿ ಕ್ಯಾಬಿನ್‌ಗೆ ಬರಬಹುದು. ಮುಚ್ಚಿದ ಶೆಡ್‌ನಲ್ಲಿ ಇಂಜಿನ್ ಆನ್ ಇಟ್ಟು ಹುಡುಕಕ್ಕೆ ಹೋಗ್ಲೇಬೇಡಿ.

ಇಂಜಿನ್ ಗಾಳಿ ಎಳ್ಕೊಳ್ಳೋ ಇನ್‌ಟೇಕ್ ಕಡೆ ಕತೆ ಉಲ್ಟಾ. ಅಲ್ಲಿ ಸಾಮಾನ್ಯವಾಗಿ ರಬ್ಬರ್ ಗ್ಯಾಸ್ಕೆಟ್, ಹಳೇದಾಗಿ ಗಟ್ಟಿಯಾದ್ರೆ ಚಪ್ಪಟೆ ಆಗಿ ಹಿಡಿತ ಬಿಡತ್ತೆ. ಐಡಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ಒಳಗೆ ವ್ಯಾಕ್ಯೂಮ್ ಜೋರಿರೋದ್ರಿಂದ ಸುಯ್ ಅಂತ ಗಾಳಿ ಎಳ್ಕೊಳ್ಳತ್ತೆ, ಆರ್‌ಪಿಎಂ ಏರಿಳಿಯತ್ತೆ ಇಲ್ಲಾ ಏರಿದ ಮಟ್ಟದಲ್ಲೇ ನಿಂತುಬಿಡತ್ತೆ, ಮಿಸ್ಸಿಂಗ್ ಹೊಡೆಯತ್ತೆ, ರೇಸ್ ಕೊಟ್ರೆ ಸುಮಾರು ಸರಿಹೋಗತ್ತೆ. ಸ್ಕ್ಯಾನರ್ ಹಾಕಿದ್ರೆ ಪಿ0171 ಕೋಡ್ (ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಅನ್ನೋ ದೂರು) ಬರಬಹುದು, ಆದ್ರೆ ಎಕ್ಸಾಸ್ಟ್ ಲೀಕಿಗೂ ಇದೇ ಕೋಡ್ ಬರಬಹುದು, ಕೋಡ್ ನೋಡ್ಕೊಂಡೇ ಸೆನ್ಸರ್ ಬದಲಾಯಿಸೋರ ಜೇಬಿಗೆ ಸುಮ್ನೆ ಕತ್ತರಿ. ವ್ಯಾಕ್ಯೂಮ್ ಗೇಜ್ ಇಟ್ಕೊಂಡಿರೋರಿಗೆ ಒಂದ್ಮಾತು: ಮಂಗಳೂರಲ್ಲಿ (ಪಾದರಸದ ಲೆಕ್ಕದಲ್ಲಿ) 19 ಇಂಚು ತೋರಿಸೋ ಆರೋಗ್ಯವಂತ ಇಂಜಿನ್ ಬೆಂಗಳೂರಲ್ಲಿ 16 ತೋರಿಸತ್ತೆ, ಊರು 900 ಮೀಟರ್ ಎತ್ತರದಲ್ಲಿದೆ, ಗಾಳಿ ಒತ್ತಡವೇ ಕಮ್ಮಿ, ಅದನ್ನೇ ಲೀಕ್ ಅಂದ್ಕೋಬೇಡಿ. ಊದುಬತ್ತಿ ಹೊಗೆ ಎಲ್ಲಿ ಒಳಗೆ ಎಳೀತದೆ ಅಂತ ನೋಡೋ ಜನಾನೂ ಇದಾರೆ, ಪೆಟ್ರೋಲ್ ಪೈಪ್ ಪಕ್ಕ ಕೆಂಡ ಹಿಡಿಯೋ ಧೈರ್ಯ ನನಗಂತೂ ಇಲ್ಲ. ಒಳಗೆ ಹೊಗೆ ತುಂಬಿ ಲೀಕ್ ತೋರಿಸೋ ಸ್ಮೋಕ್ ಮಿಷನ್ ಇರೋ ಕಡೆ ಹೋಗಿ.

ಬದಲಾಯಿಸೋದ್ರಲ್ಲಿ ಗ್ಯಾಸ್ಕೆಟ್ ಅಲ್ಲ ತಲೆನೋವು, ತುಕ್ಕು ಹಿಡಿದ ನಟ್ಟು. ಬೆಂಗಳೂರಿನ ಗಾಡಿ ಬಿಡಿಭಾಗಗಳ ಪೇಟೆ ಜೆಸಿ ರೋಡಿಂದ ಗ್ಯಾಸ್ಕೆಟ್ ಜೊತೆ ಹೊಸ ನಟ್ಟು, ಎರಡು ಸ್ಟಡ್ಡೂ ತಂದಿದ್ದೆ. ಇಂಜಿನ್ ಪೂರ್ತಿ ತಣ್ಣಗಾಗಿ, ಬ್ಯಾಟರಿ ನೆಗೆಟಿವ್ ತೆಗೆದು, ಹಿಂದಿನ ರಾತ್ರಿನೇ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಟ್ಟು, ಬೆಳಿಗ್ಗೆ ಕಾಲು ಸುತ್ತು ಬಿಚ್ಚಿ ಕಾಲು ಸುತ್ತು ಬಿಗಿದು ಹೀಗೆ ಪುಸಲಾಯಿಸ್ತಾ ತೆಗೀಬೇಕು, ಒಂದೇ ಏಟಿಗೆ ಎಳೆದ್ರೆ ಕಟ್. ಪೋರ್ಟ್‌ಗಳಿಗೆ ಬಟ್ಟೆ ತುರುಕಿ ಹಳೇ ಪ್ಯಾಕಿಂಗ್ ಕೆರೀಬೇಕು, ಅಲ್ಯೂಮಿನಿಯಂ ಮೇಲೆ ಗ್ರೈಂಡರ್ ಹಾಕ್ಬಾರ್ದು, ತುಂಬಾ ಹಳೇ ಗಾಡಿ ಆದ್ರೆ ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಮಾಡಿ ಕೆರೀರಿ, ಪುಡಿ ಊದ್ಬೇಡಿ. ಆಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ತೂರಿಸಿ ಮ್ಯಾನಿಫೋಲ್ಡ್ ಸೊಟ್ಟ ಆಗಿದೆಯಾ ನೋಡಿ. ಸೊಟ್ಟ ಇದ್ರೆ ಲೇತ್ ಅಂಗಡೀಲಿ ಫೇಸಿಂಗ್ (ಮೇಲ್ಮೈ ಸಮತಟ್ಟು) ಮಾಡಿಸ್ದೆ ಹೊಸ ಗ್ಯಾಸ್ಕೆಟ್ ಹಾಕೋದು ದಂಡ. ಎಕ್ಸಾಸ್ಟ್‌ಗೆ ಸಿಲಿಕಾನ್ ಪೇಸ್ಟ್ ಮೆತ್ತೋದು ಬೇಡ, ಆ ಬಿಸಿಗೆ ಸುಟ್ಟುಹೋಗತ್ತೆ. ಟೈಟ್ ಮಾಡೋದು ಮಧ್ಯದಿಂದ ತುದಿಗೆ, ಎರಡು ಮೂರು ಸುತ್ತಲ್ಲಿ, ಮ್ಯಾನ್ಯುಯಲ್ ಹೇಳಿದಷ್ಟೇ ಟಾರ್ಕ್. ಪ್ಲಾಸ್ಟಿಕ್ ಇನ್‌ಟೇಕ್ ಆದ್ರೆ ಅದು ತುಂಬಾ ಕಮ್ಮಿ, ಕೈಬಲ ತೋರಿಸಿದ್ರೆ ಸೀಳತ್ತೆ.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಮ್ಯಾನಿಫೋಲ್ಡಿಂದ ಬಿಳೀ ಹೊಗೆ ಎದ್ದು ಎದೆ ಧಸಕ್ ಅಂತು, ರಾತ್ರಿ ಹೊಡೆದ ಎಣ್ಣೆ ಸುಡ್ತಿತ್ತು ಅಷ್ಟೆ, ಹತ್ತು ನಿಮಿಷಕ್ಕೆ ನಿಂತ್ಕೊಳ್ತು. ಸದ್ದಿರಲಿಲ್ಲ, ಆದ್ರೆ ಬಿಸಿ ಇಂಜಿನ್ ಮಾತು ನಂಬೋ ಹಾಗಿಲ್ವಲ್ಲ, ಮಾರನೇ ದಿನ ಆರು ಗಂಟೆ ಚಳೀಲಿ ಬಾನೆಟ್ ಎತ್ತಿ ಕೀ ತಿರುಗಿಸಿ ಕಿವಿಗೊಟ್ಟೆ, ಇಂಜೆಕ್ಟರ್‌ಗಳ ಚಟಪಟ ಬಿಟ್ರೆ ಏನೂ ಇಲ್ಲ.