ಶೇರ್ಡ್ ಫೋಲ್ಡರ್ ಕಾಣುತ್ತದೆ, ತೆರೆಯುವುದಿಲ್ಲ: 777 ಕೊಟ್ಟರೂ ಯಾಕೆ ಆಗಲ್ಲ?

ಪ್ರಶ್ನೆ: ಸರ್, ವಿಂಡೋಸ್ ಮೇಲೆ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಹಾಕಿ ಒಳಗೆ ಉಬುಂಟು ಇಟ್ಟುಕೊಂಡಿದ್ದೇನೆ. ಎರಡರ ನಡುವೆ ಫೈಲು ಹಂಚಿಕೊಳ್ಳಲು ಶೇರ್ಡ್ ಫೋಲ್ಡರ್ ಸೆಟ್ ಮಾಡಿದ್ದೇನೆ. ಉಬುಂಟುವಿನಲ್ಲಿ ಅದು ಕಾಣುತ್ತದೆ, ಆದರೆ ಕ್ಲಿಕ್ ಮಾಡಿದರೆ 'ಪರ್ಮಿಷನ್ ಡಿನೈಡ್'. ಎಲ್ಲರಿಗೂ ಪೂರ್ತಿ ಅನುಮತಿ ಕೊಡುವ ಕಮಾಂಡ್ ಸಿಎಚ್‌ಮಾಡ್ 777 ಕೂಡ ಕೊಟ್ಟು ನೋಡಿದೆ. ಏನು ಮಾಡಲಿ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಫೋಲ್ಡರ್ ಕಾಣುತ್ತದೆ ಅಂದಮೇಲೆ ಗೆಸ್ಟ್ ಅಡಿಷನ್ಸ್ (ಗೆಸ್ಟ್ ಅಂದರೆ ಒಳಗಿನ ಉಬುಂಟು, ಅದರಲ್ಲಿ ಹಾಕುವ ವರ್ಚುವಲ್‌ಬಾಕ್ಸಿನ ಸಹಾಯಕ ಸಾಫ್ಟ್‌ವೇರ್) ಕೆಲಸ ಮಾಡುತ್ತಿದೆ, ಆಟೋ-ಮೌಂಟ್ (ಫೋಲ್ಡರನ್ನು ತಾನಾಗಿ ಜೋಡಿಸುವ ಆಪ್ಷನ್) ಟಿಕ್ ಆಗಿದೆ. ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದಿದೆ. ಬಾಕಿ ಇರುವುದು ಒಂದೇ: ನಿಮ್ಮ ಉಬುಂಟು ಯೂಸರನ್ನು 'ವಿಬಾಕ್ಸ್‌ಎಸ್‌ಎಫ್' (vboxsf) ಎಂಬ ಗ್ರೂಪಿಗೆ ಸೇರಿಸುವುದು. ಟರ್ಮಿನಲ್‌ನಲ್ಲಿ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ನಡೆಸಲು), ಆ್ಯಡ್‌ಯೂಸರ್, ನಿಮ್ಮ ಯೂಸರ್ ಹೆಸರು, ಆಮೇಲೆ ಗ್ರೂಪಿನ ಹೆಸರು. ಇಷ್ಟು ಕೊಟ್ಟು ಉಬುಂಟು ಮಷೀನ್ ರೀಸ್ಟಾರ್ಟ್ ಮಾಡಿ. ಮುಗಿಯಿತು.

ಈಗ ಆ 777 ವಿಚಾರಕ್ಕೆ ಬರೋಣ. ಇದೊಂದು ಭೂತ ಎಷ್ಟು ಓಡಿಸಿದರೂ ಹೋಗುತ್ತಿಲ್ಲ.

ಒಂದು ಕೆಲಸ ಮಾಡಿ. ಗ್ರೂಪಿಗೆ ಸೇರುವ ಮೊದಲು ಸುಡೋ ಹಾಕಿ ಆ ಫೋಲ್ಡರಿಗೆ 777 ಕೊಡಿ. ಆಮೇಲೆ ಅನುಮತಿ ತೋರಿಸುವ ಎಲ್‌ಎಸ್ ಮೈನಸ್ ಎಲ್‌ಡಿ ಕೊಟ್ಟು ನೋಡಿ. ಮೊದಲು ಇದ್ದ 770 (ತೆರೆಯ ಮೇಲೆ rwxrwx---) ಹಾಗೇ ಇರುತ್ತದೆ. 7 ಅಂದರೆ ಪೂರ್ತಿ ಅನುಮತಿ, ಸೊನ್ನೆ ಅಂದರೆ ಏನೂ ಇಲ್ಲ. ಓನರ್ ರೂಟ್ (ಉಬುಂಟುವಿನ ಅಡ್ಮಿನ್), ಅವರಿಗೆ 7. ಗ್ರೂಪು ವಿಬಾಕ್ಸ್‌ಎಸ್‌ಎಫ್, ಅವರಿಗೂ 7. ಉಳಿದವರಿಗೆ ಸೊನ್ನೆ. ಆ ಉಳಿದವರು ಯಾರು ಗೊತ್ತಾಯ್ತಲ್ವಾ? ನೀವೇ.

ಯಾಕೆ ಬದಲಾಗಲಿಲ್ಲ? ಫೈಲುಗಳು ಇರುವುದು ವಿಂಡೋಸ್ ಡಿಸ್ಕಿನಲ್ಲಿ. ಲಿನಕ್ಸಿನ ಓನರ್, ಗ್ರೂಪ್, 777 ಇವೆಲ್ಲ ಅಲ್ಲಿಗೆ ಗೊತ್ತೇ ಇಲ್ಲ. ಮೌಂಟ್ ಆಗುವಾಗ ಡ್ರೈವರ್ ಎಲ್ಲಕ್ಕೂ ಒಂದೇ ಮುದ್ರೆ ಒತ್ತಿ ನಿಮಗೆ ತೋರಿಸುತ್ತದೆ. ನೀವು ಸಿಎಚ್‌ಮಾಡ್ ಹೊಡೆಯುವುದು ಆ ಮುದ್ರೆಯ ಮೇಲೆ. ಮುಖದ ಮಸಿ ಒರೆಸಲು ಕನ್ನಡಿ ತಿಕ್ಕಿದ ಹಾಗೆ. ನಿಜವಾಗಿ ಬದಲಾಗಬೇಕಾದರೆ ಮೌಂಟ್ ಮಾಡುವಾಗಲೇ ಯುಐಡಿ, ಜಿಐಡಿ (ಯೂಸರ್ ಮತ್ತು ಗ್ರೂಪಿನ ನಂಬರ್) ಆಪ್ಷನ್ ಕೊಡಬೇಕು. ಗ್ರೂಪಿಗೆ ಸೇರುವುದು ಅದಕ್ಕಿಂತ ಸುಲಭ.

'ಇಲ್ಲ ಸರ್, ನನಗೆ 777 ಕೊಟ್ಟಮೇಲೇ ಸರಿಹೋಯ್ತು' ಎನ್ನುವವರು ಬೇಕಾದಷ್ಟು ಜನ. ಅವರು ಸುಳ್ಳು ಹೇಳುತ್ತಿಲ್ಲ. ಆಗಿದ್ದೇನು ಅಂದರೆ, ಎಲ್ಲೋ ಓದಿ ಗ್ರೂಪಿಗೆ ಸೇರಿಸಿದರು. ತಕ್ಷಣ ತೆರೆದರು, ಆಗಲಿಲ್ಲ. ಆಗುವುದೂ ಇಲ್ಲ, ಯಾಕೆಂದರೆ ನೀವು ಯಾವ ಯಾವ ಗ್ರೂಪಿನಲ್ಲಿದ್ದೀರಿ ಎಂದು ಲಿನಕ್ಸ್ ನೋಡುವುದು ಲಾಗಿನ್ ಆಗುವಾಗ. ಹೊಸ ಟರ್ಮಿನಲ್ ತೆರೆದರೆ ಸಾಲದು. ಬೇಸರದಲ್ಲಿ 777 ಹೊಡೆದರು. ಅದೂ ಆಗಲಿಲ್ಲ. ಸಿಟ್ಟು ಬಂದು ಎಲ್ಲ ಮುಚ್ಚಿ, ಮಾರನೇ ದಿನ ಆನ್ ಮಾಡಿದರೆ ಫೋಲ್ಡರ್ ತೆರೆಯಿತು! ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಹೆಸರು ಮಾತ್ರ ಕಾಗೆಗೆ.

ಇದರಿಂದ ಏನು ನಷ್ಟ ಅಂತೀರಾ? ಇಲ್ಲಿ ಏನೂ ಇಲ್ಲ. ಆದರೆ ಅದೇ ಚಾಳಿ ನಾಳೆ ನಿಜವಾದ ಸರ್ವರಿಗೂ ಹೋಗುತ್ತದೆ. ಅಲ್ಲಿ 777 ಕೊಟ್ಟರೆ ಕೆಲಸ ಮಾಡಿಬಿಡುತ್ತದೆ, ಬಾಗಿಲು ಊರಿಗೆಲ್ಲ ತೆರೆದಿರುತ್ತದೆ.

ಇನ್ನೊಂದು ಮಾತು. ಆ್ಯಡ್‌ಯೂಸರ್ ಬದಲು ಯೂಸರ್‌ಮಾಡ್ ಬಳಸುವವರು ದೊಡ್ಡ ಜಿ ಜೊತೆ ಸಣ್ಣ ಎ ಹಾಕುವುದನ್ನು ಮರೆಯಬೇಡಿ. ಮರೆತರೆ ಹೊಸ ಗ್ರೂಪು ಸಿಗುತ್ತದೆ, ಹಳೆಯವೆಲ್ಲ ಹೋಗುತ್ತವೆ, ಸುಡೋ ಸಮೇತ. ನಾನು ಒಂದು ಸಲ ಮಾಡಿಕೊಂಡಿದ್ದೇನೆ. ರಿಕವರಿ ಮೋಡಿಗೆ ಹೋಗಿ ವಾಪಸ್ ಸೇರಿಸಬೇಕಾಯಿತು.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಫೋಲ್ಡರ್ ತೆರೆದ ಖುಷಿಯಲ್ಲಿ ನೋಡ್ (ಜಾವಾಸ್ಕ್ರಿಪ್ಟ್) ಪ್ರಾಜೆಕ್ಟನ್ನು ಅದರೊಳಗೇ ಇಟ್ಟು, ಬೇಕಾದ ಪ್ಯಾಕೇಜುಗಳನ್ನು ತರಿಸಲು ಎನ್‌ಪಿಎಂ ಇನ್‌ಸ್ಟಾಲ್ ಕೊಡುತ್ತೀರಿ. ಸಿಮ್‌ಲಿಂಕ್ (ಬೇರೆ ಫೈಲಿನತ್ತ ಬೊಟ್ಟು ಮಾಡುವ ಕೊಂಡಿ) ಮಾಡಲು ಆಗಲಿಲ್ಲ ಎಂದು ಎರರ್ ಬರುತ್ತದೆ. ಮತ್ತೆ 777 ನೆನಪಾಗುತ್ತದೆ! ಬೇಡ. ಶೇರ್ಡ್ ಫೋಲ್ಡರಿನೊಳಗೆ ಗೆಸ್ಟ್ ಸಿಮ್‌ಲಿಂಕ್ ಮಾಡುವುದನ್ನು ವರ್ಚುವಲ್‌ಬಾಕ್ಸ್ ಸುರಕ್ಷತೆಗೆಂದು ತಾನೇ ತಡೆದಿದೆ. ತೆಗೆಯುವ ದಾರಿ ಇದೆ, ಆದರೆ ಅದರ ತಂಟೆಗೆ ಹೋಗಬೇಡಿ. ಸಾವಿರಾರು ಸಣ್ಣ ಫೈಲುಗಳಿಗೆ ಅದು ನಿಧಾನ ಬೇರೆ. ಕೋಡನ್ನು ಉಬುಂಟುವಿನ ಹೋಮ್ ಫೋಲ್ಡರಿನಲ್ಲೇ ಇಡಿ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಡೇಟಾ ಕೂಡ ಅಲ್ಲೇ ಇರಲಿ. ಪಿಡಿಎಫ್, ಜಿಪ್, ಫೋಟೋ ದಾಟಿಸಲು ಮಾತ್ರ ಶೇರ್ಡ್ ಫೋಲ್ಡರ್ ಇರಲಿ. ದಾಟಿಸುವಾಗಲೂ ನೆನಪಿಡಿ, ಅಲ್ಲಿರುವುದು ಕಾಪಿ ಅಲ್ಲ, ಅಸಲು. ಉಬುಂಟುವಿನಿಂದ ಅಳಿಸುವ ಕಮಾಂಡ್ ಆರ್‌ಎಂ ಕೊಟ್ಟರೆ ವಿಂಡೋಸಿನ ಫೈಲೇ ಹೋಗುತ್ತದೆ, ರೀಸೈಕಲ್ ಬಿನ್‌ನಲ್ಲೂ ಸಿಗುವುದಿಲ್ಲ.