ಹಳೆಯ ಕಾರಿನ ಬ್ರೇಕಿನೊಳಗೆ ಸೇರಿಕೊಳ್ಳುವ ನೀರು

ಯುಗಾದಿಯ ಹೊತ್ತಿಗೆ ಕಲಬುರಗಿಯಿಂದ ಶ್ರೀಶೈಲಕ್ಕೆ ಹೊರಟ ಹಳೆಯ ಅಂಬಾಸಿಡರೊಂದರ ಬ್ರೇಕು ಘಟ್ಟ ಇಳಿಯುವಾಗ ಒಮ್ಮೆಲೇ ಕೈಕೊಟ್ಟು, ಸ್ವಲ್ಪ ಹೊತ್ತು ನಿಲ್ಲಿಸಿದ ಮೇಲೆ ತಾನಾಗಿಯೇ ಸರಿಹೋದರೆ, ಆ ತಿರುವೇ ಸರಿಯಿಲ್ಲವೆಂದು ನಂಬಿ ಬಂಪರಿಗೆ ನಿಂಬೆಹಣ್ಣು ಕಟ್ಟಿಸುವವರಿದ್ದಾರೆ. ಇದಕ್ಕೆ ಸಾಮಾನ್ಯ ಕಾರಣ ಬ್ರೇಕ್ ಆಯಿಲಿನಲ್ಲಿ ಬೆರೆತಿರುವ ನೀರು.

ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆಂಬ, 17ನೆಯ ಶತಮಾನದ ಪ್ಯಾಸ್ಕಲ್ ನಿಯಮವೇ, ಪೆಡಲ್ ಒತ್ತಿದ ಬಲವನ್ನು ದ್ರವದ ಮೂಲಕ ಚಕ್ರಗಳಿಗೆ ಮುಟ್ಟಿಸುವ ಈ ಬ್ರೇಕಿನ ಆಧಾರ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಅದನ್ನು ಕಾರಿಗೆ ಅಳವಡಿಸಿದ. 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಇಂಥ ಬ್ರೇಕು ಬಂತು. ಆ ಕಾಲದಲ್ಲಿ ಔಡಲೆಣ್ಣೆಗೆ ಆಲ್ಕೋಹಾಲ್ ಬೆರೆಸಿ ಬಳಸುತ್ತಿದ್ದರು, ಏಕೆಂದರೆ ಔಡಲೆಣ್ಣೆಯಿಂದ ರಬ್ಬರ್ ಕೆಡುವುದಿಲ್ಲ.

ಈಗಿನ ಬ್ರೇಕ್ ಆಯಿಲ್ ಸಾಮಾನ್ಯವಾಗಿ ಗ್ಲೈಕಾಲ್ ಈಥರ್ ಎಂಬ ರಾಸಾಯನಿಕದ ಆಧಾರಿತವಾಗಿದ್ದು, ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೊಡೆಯುವ ಹಾಗೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ರಬ್ಬರ್ ಹೋಸಿನ ಗೋಡೆಯ ಮೂಲಕವೂ ತೇವ ಒಳಗಿಳಿಯುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಬ್ರೇಕ್ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ಶೇ. 3.7ರಷ್ಟು ನೀರು ಸೇರಿದ ಮೇಲೆ ಉಳಿಯಬೇಕಾದ ಕನಿಷ್ಠ ಮಟ್ಟ 140 ಡಿಗ್ರಿ ಮಾತ್ರ. ನಮ್ಮ ಬಯಲುಸೀಮೆಯ ರಸ್ತೆಗಳಲ್ಲಿ, ಮೇ ತಿಂಗಳ ಸುಡುಬಿಸಿಲಿನಲ್ಲಿ ಕೂಡ, ಬ್ರೇಕು ಅಷ್ಟು ಕಾಯುವುದು ಅಪರೂಪವಾದ್ದರಿಂದ ದೋಷ ವರ್ಷಗಟ್ಟಲೆ ಅಡಗಿಯೇ ಇರುತ್ತದೆ. ಘಟ್ಟದ ಇಳಿಜಾರಿನಲ್ಲಿ ಚಕ್ರದ ಬ್ರೇಕ್ ಡ್ರಮ್ ಕಾದು, ಅದರೊಳಗೆ ದ್ರವದ ಒತ್ತಡದಿಂದ ಬ್ರೇಕು ಹಿಡಿಸುವ ವೀಲ್ ಸಿಲಿಂಡರಿನ ದ್ರವ ಕುದಿದಾಗ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಹೀಗಾಗಿ ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಹಿಂಡುವುದರಲ್ಲೇ ಮುಗಿದು ಪೆಡಲ್ ನೆಲಕ್ಕೆ ತಾಗುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗುವುದರಿಂದ, ಊರಿಗೆ ಮರಳಿ ತೋರಿಸಿದಾಗ ಮಿಸ್ತ್ರಿಗೆ ಏನೂ ಸಿಗುವುದಿಲ್ಲ.

ಅದೇ ನೀರು ಎರಕದ ಕಬ್ಬಿಣದ ಸಿಲಿಂಡರಿಗೆ ತುಕ್ಕು ಹಿಡಿಸುತ್ತದೆ. ಬಿಚ್ಚಿದ ಸಿಲಿಂಡರನ್ನು ಸ್ಪಿರಿಟ್‌ನಿಂದ ತೊಳೆದು ಬೆಳಕಿಗೆ ಹಿಡಿದರೆ ತಳಭಾಗದಲ್ಲಿ ಸಿಡುಬಿನ ಕಲೆಗಳಂಥ ಗುಳಿಗಳು ಕಾಣುತ್ತವೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗುಳಿಯಿದ್ದರೆ ಉಜ್ಜಿ ನಯಗೊಳಿಸುವ ಯತ್ನ ವ್ಯರ್ಥ. ಸಿಲಿಂಡರನ್ನೇ ಬದಲಿಸಬೇಕು ಅಥವಾ ಒಳಗೆ ಹೊಸ ಸ್ಲೀವ್, ಅಂದರೆ ಲೋಹದ ಒಳಕೊಳವೆ, ಹಾಕಿಸಬೇಕು. ಸಿಲಿಂಡರಿನೊಳಗೆ ದ್ರವ ಸೋರದಂತೆ ತಡೆಯುವ ಹೊಸ ರಬ್ಬರ್ ಕಪ್‌ಗಳನ್ನು ಬ್ರೇಕ್ ಆಯಿಲಿನಲ್ಲೇ ಅದ್ದಿ ಕೂರಿಸಬೇಕು. ಸೀಮೆಎಣ್ಣೆ, ಪೆಟ್ರೋಲ್, ಗ್ರೀಸ್ ತಾಗಿದರೆ ಅವು ಉಬ್ಬಿ ಸಿಲಿಂಡರಿನಲ್ಲಿ ಬಿಗಿದುಕೊಳ್ಳುತ್ತವೆ. ಈ ಮಾತನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ, ಏಕೆಂದರೆ ಕೈಗೆ ಸಿಕ್ಕ ಸೀಮೆಎಣ್ಣೆಯಲ್ಲಿ ಎಲ್ಲವನ್ನೂ ತೊಳೆಯುವ ರೂಢಿ ಬಲವಾಗಿದೆ.

ಹಳೆಯ ಹೋಸು ಹೊರಗೆ ಗಟ್ಟಿಮುಟ್ಟಾಗಿ ಕಂಡರೂ ಒಳಗೆ ಊದಿಕೊಂಡು ದ್ರವ ಹಿಂದಿರುಗದಂತೆ ತಡೆಯಬಹುದು. ಕಾಲು ತೆಗೆದ ಮೇಲೂ ಚಕ್ರ ಬಿಗಿಯಾಗಿದ್ದರೆ ಮೊದಲು ಹೋಸನ್ನು ಅನುಮಾನಿಸಬೇಕು. ಡ್ರಮ್ಮಿನ ಧೂಳನ್ನು ಎಂದಿಗೂ ಗಾಳಿಯಿಂದ ಊದಬಾರದು. ಡ್ರಮ್ಮಿಗೆ ಉಜ್ಜುವ ಹಳೆಯ ಲೈನರ್‌ಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುವ ಕಲ್ನಾರು (ಆಸ್ಬೆಸ್ಟಾಸ್) ಇರಬಹುದಾದ್ದರಿಂದ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು.

ಜೋಡಣೆ ಮುಗಿದ ಮೇಲೆ ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಿ ಬ್ರೇಕ್ ಕೊಳವೆಯೊಳಗಿನ ಗಾಳಿ ತೆಗೆಯಬೇಕು. ಹಲವರು ಆಯಿಲಿನ ಮಟ್ಟ ಇಳಿದಾಗಲೆಲ್ಲ ಮೇಲಿಂದ ಒಂದಿಷ್ಟು ಸುರಿದು ಸುಮ್ಮನಾಗುತ್ತಾರೆ. ಇದರಿಂದ ಹಳೆಯ ನೀರು ಒಳಗೇ ಉಳಿಯುತ್ತದೆ, ಸೋರಿಕೆಯೂ ಗಮನಕ್ಕೆ ಬಾರದೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಹೊರಹಾಕಿ, ಸೀಲ್ ಒಡೆಯದ ಡಬ್ಬಿಯಿಂದಲೇ ಹೊಸದನ್ನು ತುಂಬಬೇಕು; ಗ್ಯಾರೇಜಿನ ಮೂಲೆಯಲ್ಲಿ ಮುಚ್ಚಳ ಸಡಿಲವಾಗಿ ಉಳಿದ ಅರ್ಧ ಡಬ್ಬಿ ಆ ವೇಳೆಗಾಗಲೇ ತೇವ ಕುಡಿದಿರುತ್ತದೆ.