ಥರ್ಟಿ-ಫಾರ್ಟಿ ಸೈಟಿನಲ್ಲಿ ಮಾಯಾಮನೆ ನಡೆಯುತ್ತದೆಯೇ?

ಪ್ರಶ್ನೆ: ಮಕ್ಕಳಿಗಾಗಿ ಮಾಯಾಮನೆಯ ಕಾದಂಬರಿ ಬರೆಯುವ ಆಸೆ. ಆದರೆ ನಾವಿರುವುದು ಬೆಂಗಳೂರಿನ ಥರ್ಟಿ-ಫಾರ್ಟಿ (30x40 ಅಡಿ) ಸೈಟಿನ ಮನೆಯಲ್ಲಿ. ಇಂಥ ಕಥೆಗೆ ಹಳೇ ಬಂಗಲೆಯೇ ಬೇಕಲ್ಲವೇ?

ಬೇಕಿಲ್ಲ. ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮಂಕಿ ಟಾಪ್ (ಕಿಟಕಿ-ಜಗಲಿಗಳ ಮೇಲಿನ ಚೂಪು ಮರದ ಮಾಡು) ಇರುವ, ರೆಡ್ ಆಕ್ಸೈಡ್ ನೆಲದ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ, ಚೆಂದವಾಗಿಯೂ ಇವೆ. ಆದರೆ ಅಂಥ ಗೇಟು ಕಂಡೊಡನೆ ಒಳಗೆ ಏನೋ ಇದೆ ಅಂತ ಓದುವ ಮಗುವಿಗೆ ಗೊತ್ತಾಗಿಬಿಡುತ್ತದೆ. ದಿನಾ ಚಪ್ಪಲಿ ಬಿಡುವ ಜಾಗದಲ್ಲೇ ಏನಾದರೂ ಹೆಚ್ಚುಕಮ್ಮಿಯಾದರೆ ನೋಡಿ, ಮೈ ಜುಮ್ಮೆನ್ನುತ್ತದೆ.

ಫಿಲಿಪಾ ಪಿಯರ್ಸ್ 1958ರಲ್ಲಿ ಬರೆದ ‘ಟಾಮ್ಸ್ ಮಿಡ್‌ನೈಟ್ ಗಾರ್ಡನ್’ ಎಂಬ ಮಕ್ಕಳ ಕಾದಂಬರಿಯಲ್ಲಿ ದೊಡ್ಡ ಮನೆಯನ್ನು ಒಡೆದು ಫ್ಲ್ಯಾಟ್ ಮಾಡಿದ್ದಾರೆ, ಹಿತ್ತಲಲ್ಲಿ ಕಸದ ಡಬ್ಬಿ. ಗಡಿಯಾರ ಹದಿಮೂರು ಹೊಡೆದಾಗ ಮಾತ್ರ ಅದೇ ಬಾಗಿಲಾಚೆ ತೋಟ. ಮಾಯೆಗೆ ಬೇಕಾದದ್ದು ಇಂಥದೊಂದು ಕಟ್ಟುನಿಟ್ಟು.

ನಿಮ್ಮ ಮನೆಯಲ್ಲಿ ಸಂಪು, ಅಂದರೆ ನೆಲದಡಿಯ ನೀರಿನ ತೊಟ್ಟಿ, ಇದೆಯಲ್ಲ? ಅದಕ್ಕೆ ಬೀಳುವ ಕಾವೇರಿ ನೀರು ಸುಮಾರು 100 ಕಿ.ಮೀ. ಆಚೆ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿ, ಮೂರು ಕಡೆ ಪಂಪಾಗಿ, ಸುಮಾರು 500 ಮೀಟರ್ ಮೇಲೇರಿ ಬರುತ್ತದೆ. ಅಷ್ಟು ದೂರದಿಂದ ಬಂದ ಹೊಳೆ ಬರಿಗೈಲಿ ಬಂದೀತೇ? ನೀರು ಬಿಡುವ ದಿನ ನಸುಕಿನಲ್ಲಿ ಮೊದಲು ಬರುವುದು ಗಾಳಿ. ಪೈಪು ಬುಸ್ಸೆನ್ನುತ್ತದೆ, ಕೆಮ್ಮುತ್ತದೆ, ನೀರಿಲ್ಲದಿದ್ದರೂ ಮೀಟರು ಗರಗರ ತಿರುಗುತ್ತದೆ. ನಿಮ್ಮ ಕಥೆಯಲ್ಲಿ ಅಷ್ಟು ಹೊತ್ತು ಮಾತ್ರ ಹೊಳೆ ಮಾತಾಡಲಿ. ನೀರು ಬಿತ್ತೋ, ಮಾತು ನಿಂತಿತು. ಅಜ್ಜಿ ಎದ್ದು ಮೋಟರ್ ಹಾಕಿದರೂ ಅಷ್ಟೇ. ಬೋರ್‌ವೆಲ್ ನೀರು ಮೂಗಿ, ಟ್ಯಾಂಕರ್ ನೀರು ಬರೀ ಸುಳ್ಳು ಹೇಳುತ್ತದೆ ಎಂದಿಟ್ಟುಕೊಂಡರೆ ಬೇಸಿಗೆಯ ಅಧ್ಯಾಯಗಳು ತಾವೇ ಹುಟ್ಟುತ್ತವೆ. ಹನ್ನೆರಡನೇ ಅಧ್ಯಾಯದಲ್ಲಿ ನಾಯಕಿ ಕಷ್ಟಕ್ಕೆ ಸಿಕ್ಕಳೆಂದು ಹೊಳೆಯ ಬಾಯಿಂದ ಹಗಲು ಹೊತ್ತು ಮಾತಾಡಿಸಿದಿರೋ, ಕೆಟ್ಟಿತು. ಮಕ್ಕಳು ಇಂಥ ಮೋಸ ಕ್ಷಮಿಸುವುದಿಲ್ಲ.

ಹಾಂ, ಅವಳನ್ನು ಸಂಪಿನೊಳಗೆ ಇಳಿಸಬೇಡಿ. ಓದಿದ ಮಗು ಮುಚ್ಚಳ ಎತ್ತಿ ನೋಡೀತು. ಪೈಪಿಗೆ ಕಿವಿ ಕೊಟ್ಟರೆ ಸಾಕು.

ಬಾಡಿಗೆ ಮನೆಯಾದರೆ ಇನ್ನೂ ಒಳ್ಳೆಯದು. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿಯುವುದರೊಳಗೆ ಅವಳು ಹೊಳೆಯ ಮಾತು ಪೂರ್ತಿ ಕೇಳಿಸಿಕೊಳ್ಳಬೇಕು, ಓನರ್ ಆಗಲೇ ಟು-ಲೆಟ್ ಬೋರ್ಡ್ ತಂದಿಟ್ಟಿದ್ದಾರೆ.